ಕಾಣಬೇಕು, ಕಾಣಿಸಿಕೊಳ್ಳಬೇಕು

ಹೊಸ ಕಾರು ಮನೆ ಮುಂದೆ ನಿಂತರೆ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬುದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಅದರ ಅರ್ಥ. ಎರಡನೆಯ ಪ್ರಶ್ನೆ ಬೆಲೆಯದು, ಮೂರನೆಯದು ಬಣ್ಣದ್ದು. ‘ರಾತ್ರಿ ಹೊತ್ತು ಎಷ್ಟು ದೂರ ಕಾಣುತ್ತೆ?’ ಎಂದು ಕೇಳಿದವರನ್ನು ನಾನಂತೂ ಇದುವರೆಗೆ ಕಂಡಿಲ್ಲ. ಆದರೆ ವಾಹನ ಓಡಿಸುವುದೆಂದರೆ ಮುಖ್ಯವಾಗಿ ಕಣ್ಣಿನ ಕೆಲಸ. ಕಣ್ಣು ಹೇಳಿದ್ದನ್ನು ಕೈಕಾಲುಗಳು ಮಾಡುತ್ತವೆ, ಅಷ್ಟೆ. ಆ ಕಣ್ಣಿಗೆ ನೆರವಾಗಲೆಂದು ಕಾರಿನಲ್ಲಿ ನಾಲ್ಕು ಏರ್ಪಾಡುಗಳಿವೆ: ಸೀಟು, ಕನ್ನಡಿ, ವೈಪರ್ ಮತ್ತು ದೀಪ. ಎಂಜಿನ್ನಿಗೆ ಕಾಲಕಾಲಕ್ಕೆ ಆಯಿಲ್ ಬದಲಾಯಿಸುವವರು ಕೂಡ ಈ ನಾಲ್ಕನ್ನು ಕೆಟ್ಟು ನಿಲ್ಲುವವರೆಗೆ ನೆನೆಯುವುದಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ರಸ್ತೆಗಳಲ್ಲಿ ಇವುಗಳ ಅಗತ್ಯ ಇನ್ನೂ ಹೆಚ್ಚು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಪ್ರವಾಸಿಗರ ಕಾರುಗಳು ಧಾವಿಸುತ್ತಿರುತ್ತವೆ. ಅದೇ ಡಾಂಬರಿನ ಮೇಲೆ ಹೊಗೆಸೊಪ್ಪಿನ ಬೇಲು ಹೇರಿಕೊಂಡು ಹರಾಜು ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರೂ ಇರುತ್ತದೆ. ಕೆ.ಆರ್. ನಗರದ ಕಡೆ ಕಬ್ಬು, ಭತ್ತದ ಗಾಡಿಗಳು. ಸುಗ್ಗಿ ಬಂದರೆ ರಸ್ತೆಯೇ ಕಣ. ಹುರುಳಿ, ರಾಗಿ ತೆನೆ ಹರಡಿರುತ್ತದೆ. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಾದರೆ ಜಿಂಕೆ, ಆನೆಗಳೂ ರಸ್ತೆ ದಾಟುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ದೀಪವಿಲ್ಲ. ಅವು ಕಾಣುವುದು ನಮ್ಮ ದೀಪದಿಂದ ಮಾತ್ರ.

ಮೊದಲು ಸೀಟು

ಕನ್ನಡಿಯನ್ನು ಸರಿಪಡಿಸಿಕೊಂಡು ಆಮೇಲೆ ಸೀಟು ಜರುಗಿಸುವವರಿದ್ದಾರೆ. ಇದು ತಿರುವುಮುರುವು. ಕಣ್ಣು ಎಲ್ಲಿರಬೇಕೆಂದು ಗೊತ್ತುಪಡಿಸುವುದೇ ಸೀಟು. ಕಣ್ಣಿನ ಜಾಗ ಬದಲಾದರೆ ಕನ್ನಡಿಯಲ್ಲಿ ಕಾಣುವ ನೋಟವೂ ಬದಲಾಗುತ್ತದೆ. ನಮ್ಮ ಮನೆಗಳಲ್ಲಿ ಒಂದೇ ಕಾರನ್ನು ಅಪ್ಪ, ಮಗ, ಸೊಸೆ ಮೂವರೂ ಓಡಿಸುವುದುಂಟು. ಮೂವರ ಎತ್ತರವೂ ಬೇರೆ ಬೇರೆ. ಆದ್ದರಿಂದ ಪ್ರತಿ ಬಾರಿಯೂ ಮೊದಲು ಸೀಟು, ಅನಂತರ ಕನ್ನಡಿ.

ಬೆನ್ನನ್ನು ಪೂರ್ತಿ ಹಿಂದಕ್ಕೆ ಆನಿಸಿ ಕುಳಿತು ಕ್ಲಚ್ಚನ್ನು ತಳ ಮುಟ್ಟುವಂತೆ ಒತ್ತಿ. ಆಗಲೂ ಮಂಡಿ ಸ್ವಲ್ಪ ಬಾಗಿರಬೇಕು. ತೋಳು ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಚಕ್ರದ ಮೇಲಂಚಿನ ಮೇಲೆ ಕೂರಬೇಕು, ಬೆನ್ನು ಸೀಟನ್ನು ಬಿಡಬಾರದು. ಏರ್‌ಬ್ಯಾಗ್ ಇರುವ ಕಾರಾದರೆ ಎದೆಗೂ ಚಕ್ರದ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ. ತಲೆಯ ಹಿಂದಿನ ದಿಂಬಿನಂಥ ಭಾಗ ಒರಗಿ ನಿದ್ದೆ ಮಾಡಲೆಂದು ಇಟ್ಟದ್ದಲ್ಲ. ಹಿಂದಿನಿಂದ ಯಾರಾದರೂ ಗುದ್ದಿದಾಗ ಕತ್ತು ಹಿಂದಕ್ಕೆ ಮುರಿಯದಂತೆ ತಡೆಯುವುದು ಅದರ ಕೆಲಸ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು. ಕತ್ತಿನ ಬುಡಕ್ಕೆ ಬಂದರೆ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು.

ಸೀಟು ಜರುಗಿಸಿದ ಮೇಲೆ ಹಿಂದೆ ಮುಂದೆ ಒಮ್ಮೆ ಅಲುಗಾಡಿಸಿ, ಕೊಂಡಿ ಕಚ್ಚಿಕೊಂಡಿದೆಯೇ ನೋಡಬೇಕು. ಕೆಳಗಿನ ಹಳಿಯಲ್ಲಿ ಮಣ್ಣು, ಕಾಳು, ಚಿಲ್ಲರೆ ಕಾಸು ಸಿಕ್ಕಿಕೊಂಡರೆ ಕೊಂಡಿ ಅರ್ಧಂಬರ್ಧ ಕೂರುತ್ತದೆ. ಬ್ರೇಕ್ ಒತ್ತಿದ ಹೊತ್ತಿಗೇ ಸೀಟು ಹಿಂದಕ್ಕೆ ಸರಿದರೆ ಗತಿಯೇನು? ತಿಂಗಳಿಗೊಮ್ಮೆ ಹಳಿಯನ್ನು ಗುಡಿಸಿ ಒರೆಸಿದರೆ ಸಾಕು. ಸೀಟಿನಡಿ ನೀರಿನ ಬಾಟಲಿ ಉರುಳಾಡಲು ಬಿಡಬೇಡಿ. ಅದು ಬ್ರೇಕ್ ಪೆಡಲಿನ ಅಡಿಗೆ ಹೋದರೆ ಪೆಡಲ್ ಇಳಿಯುವುದಿಲ್ಲ.

ಎರಡು ಕನ್ನಡಿ, ಎರಡು ಪಾಠ

ಹತ್ತನೇ ತರಗತಿಯ ಮಕ್ಕಳಿಗೆ ಸ್ಟೀಲ್ ಚಮಚದ ಉಬ್ಬು ಬೆನ್ನಿನಲ್ಲಿ ಮುಖ ನೋಡಿಕೊಳ್ಳಲು ಹೇಳುತ್ತೇನೆ. ಮುಖ ಚಿಕ್ಕದಾಗುತ್ತದೆ, ಆದರೆ ಇಡೀ ಕೊಠಡಿ ಅದರಲ್ಲಿ ಕಾಣುತ್ತದೆ. ಕಾರಿನ ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಇಂಥ ಉಬ್ಬು ಕನ್ನಡಿಗಳೇ. ಹೆಚ್ಚು ಜಾಗ ತೋರಿಸಲೆಂದು ಬಿಂಬವನ್ನು ಕುಗ್ಗಿಸುತ್ತವೆ. ಚಿಕ್ಕದಾಗಿ ಕಂಡದ್ದು ದೂರದಲ್ಲಿದೆ ಎಂದು ನಮ್ಮ ಮೆದುಳು ಲೆಕ್ಕ ಹಾಕುತ್ತದೆ. ಹಿಂದಿನ ಲಾರಿ ಇನ್ನೂ ದೂರವಿದೆ ಎಂದುಕೊಂಡು ಬಲಕ್ಕೆ ತಿರುಗಿಸಿದರೆ ಅದು ಪಕ್ಕದಲ್ಲೇ ಇರುತ್ತದೆ. ಒಳಗಿನ ನಡುಗನ್ನಡಿ ಸಾಮಾನ್ಯವಾಗಿ ಸಮತಟ್ಟಾದದ್ದು, ದೂರವನ್ನು ಹೆಚ್ಚು ನಿಜವಾಗಿ ತೋರಿಸುತ್ತದೆ. ಪಕ್ಕದ ಕನ್ನಡಿಯಲ್ಲಿ ‘ಇದೆಯೇ’ ಎಂದು ನೋಡಿ. ನಡುಗನ್ನಡಿಯಲ್ಲಿ ‘ಎಷ್ಟು ದೂರ’ ಎಂದು ನೋಡಿ.

ಪಕ್ಕದ ಕನ್ನಡಿಯಲ್ಲಿ ನಮ್ಮ ಕಾರಿನ ಮೈ ಒಂದು ಎಳೆಯಷ್ಟು ಕಂಡರೆ ಸಾಕು, ಉಳಿದದ್ದೆಲ್ಲ ರಸ್ತೆ ಕಾಣಲಿ. ಎಷ್ಟು ಸರಿಯಾಗಿ ಕೂರಿಸಿದರೂ ಯಾವ ಕನ್ನಡಿಗೂ ಸಿಗದ ಒಂದು ಮೂಲೆ ಉಳಿದೇ ಉಳಿಯುತ್ತದೆ. ಒಂದು ಬೈಕು ಅಲ್ಲಿ ಪೂರ್ತಿ ಅಡಗಬಲ್ಲದು. ದಾಟಿ ಮುಂದೆ ಹೋಗುವ ಮುನ್ನ ಭುಜದ ಮೇಲಿಂದ ಒಮ್ಮೆ ಇಣುಕುವುದಕ್ಕೆ ಬದಲಿ ಉಪಾಯವಿಲ್ಲ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ರೇ ಹ್ಯಾರನ್ ಎಂಬ ಚಾಲಕ ತನ್ನ ಕಾರಿಗೆ ಹಿಂಗನ್ನಡಿ ಕಟ್ಟಿಕೊಂಡು ಓಡಿಸಿ ಗೆದ್ದ. ಕನ್ನಡಿಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಆದರೂ ಗೀರಾದೀತೆಂದು ಅದನ್ನು ಮಡಚಿಟ್ಟುಕೊಂಡೇ ಓಡಿಸುವವರನ್ನು ನಮ್ಮ ಸಂತೆ ಬೀದಿಗಳಲ್ಲಿ ಇಂದಿಗೂ ನೋಡಬಹುದು.

ನಡುಗನ್ನಡಿಯ ಅಡಿಯಲ್ಲಿ ಒಂದು ಪುಟ್ಟ ನಾಲಿಗೆಯಿರುವುದನ್ನು ಗಮನಿಸಿದ್ದೀರಾ? ಆ ಕನ್ನಡಿಯ ಗಾಜು ಬೆಣೆಯ ಹಾಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನಾಲಿಗೆಯನ್ನು ಎಳೆದರೆ ಹಿಂದಿನ ಬೆಳ್ಳಿಲೇಪದಿಂದ ಬರುವ ಪ್ರಖರ ಬೆಳಕು ಕಾರಿನ ಚಾವಣಿಗೆ ಹೋಗುತ್ತದೆ. ಗಾಜಿನ ಮುಂದಿನ ಮೈಯಿಂದ ಮರಳುವ ಸುಮಾರು ಶೇ 4ರಷ್ಟು ಬೆಳಕು ಮಾತ್ರ ಕಣ್ಣಿಗೆ ಬರುತ್ತದೆ. ರಾತ್ರಿ ಹಿಂದಿನ ವಾಹನದ ದೀಪ ಕಣ್ಣು ಕುಕ್ಕದಿರಲೆಂದು ಮಾಡಿದ ಉಪಾಯವಿದು.

ಅಗ್ಗದ ರಬ್ಬರು, ದುಬಾರಿ ಗಾಜು

ವೈಪರ್‌ಗೆ 1903ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ. ಅಂದಿನಿಂದ ಇಂದಿನವರೆಗೆ ತತ್ವ ಅದೇ: ಗಾಜಿನ ಮೇಲೆ ಓಡಾಡುವ ರಬ್ಬರಿನ ಅಂಚು. ಆ ಅಂಚು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ ತಿರುಗುವಾಗ ಮಗುಚಿಕೊಂಡು ಹಿಂದೆ ಎಳೆಯುವಂತಿರಬೇಕು. ಬಿಸಿಲಿಗೆ ರಬ್ಬರು ಗಡುಸಾದರೆ ಮಗುಚುವುದಿಲ್ಲ. ಆಗ ಕಟಕಟ ಸದ್ದು ಮಾಡುತ್ತ, ಒಂದು ದಿಕ್ಕಿನಲ್ಲಿ ಒರೆಸಿ ಇನ್ನೊಂದು ದಿಕ್ಕಿನಲ್ಲಿ ಗೆರೆ ಬಿಡುತ್ತದೆ.

ಒಣಗಾಜಿನ ಮೇಲೆ ವೈಪರ್ ಹಾಕುವುದು ನಮ್ಮಲ್ಲಿ ತೀರಾ ಸಾಮಾನ್ಯ. ನಮ್ಮ ಕೆಮ್ಮಣ್ಣಿನ ಧೂಳಿನಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ. ಗಡಸುತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಗಾಜು ಸುಮಾರು 5.5. ಗಡುಸಾದದ್ದು ಮೆದುವಾದದ್ದನ್ನು ಗೀರುತ್ತದೆ. ರಬ್ಬರಿನಡಿ ಸಿಕ್ಕ ಧೂಳು ಉಪ್ಪುಕಾಗದದಂತೆ ಗಾಜನ್ನು ಉಜ್ಜುತ್ತದೆ. ಆ ಗೀರುಗಳು ಹಗಲಿನಲ್ಲಿ ಕಾಣದಿದ್ದರೂ ರಾತ್ರಿ ಎದುರಿನ ಬೆಳಕು ಬಿದ್ದಾಗ ಗಾಜೆಲ್ಲ ಬೆಳ್ಳಗಾಗುತ್ತದೆ. ಆದ್ದರಿಂದ ಮೊದಲು ನೀರು ಚಿಮ್ಮಿಸಿ, ಅನಂತರ ವೈಪರ್ ಹಾಕಿ. ಚಿಮ್ಮುವ ತೊಟ್ಟಿಗೆ ಗಡಸು ನೀರು ಬೇಡ, ಸುಣ್ಣ ಕಟ್ಟಿ ರಂಧ್ರ ಮುಚ್ಚಿಹೋಗುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ಒರೆಸಿ. ವರ್ಷಕ್ಕೊಮ್ಮೆ, ಭರಣಿ ಮಳೆಗೆ ಮೊದಲೇ, ಹೊಸದು ಹಾಕಿಸಿ.

ಮಳೆಯಲ್ಲಿ ಗಾಜು ಒಳಗಿನಿಂದ ಮಬ್ಬಾದರೆ ವೈಪರ್ ಏನೂ ಮಾಡಲಾರದು. ನಮ್ಮ ಉಸಿರಿನ ಆವಿ ತಣ್ಣನೆ ಗಾಜಿಗೆ ತಾಗಿ ಹನಿಯಾಗಿರುತ್ತದೆ. ಎ.ಸಿ. ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಎ.ಸಿ. ಗಾಳಿಯ ತೇವವನ್ನು ಹೀರುತ್ತದೆ, ಮಬ್ಬು ಕರಗುತ್ತದೆ. ಎ.ಸಿ. ಇಲ್ಲದಿದ್ದರೆ ಎರಡು ಕಡೆಯ ಕಿಟಕಿ ಗಾಜನ್ನು ಬೆರಳಗಲ ಇಳಿಸಿ.

ದೀಪ ನಮ್ಮೊಬ್ಬರದಲ್ಲ

ಅನೇಕ ಹಾಲೋಜೆನ್ ಬಲ್ಬುಗಳೊಳಗೆ ಎರಡು ತಂತುಗಳಿರುತ್ತವೆ. ಸಾಮಾನ್ಯವಾದ 60/55 ವಾಟ್ ಬಲ್ಬಿನಲ್ಲಿ 60 ವಾಟಿನದು ಹೈಬೀಮಿಗೆ, 55 ವಾಟಿನದು ಡಿಪ್ಪಿಗೆ. ಡಿಪ್ ತಂತುವಿನ ಕೆಳಗೆ ಪುಟ್ಟ ಲೋಹದ ಬಟ್ಟಲಿದ್ದು, ಮೇಲಕ್ಕೆ ಹಾರುವ ಬೆಳಕನ್ನು ಅದು ತಡೆಯುತ್ತದೆ. ಹಿಂದಿನ ಪ್ರತಿಫಲಕವನ್ನು ತಂತು ಕೂರುವ ನಿಖರ ಬಿಂದುವಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅದೇ ಹೋಲ್ಡರಿಗೆ ಅಂಗಡಿಯಿಂದ ತಂದ ಎಲ್‌ಇಡಿ ಸಿಕ್ಕಿಸಿದರೆ ಬೆಳಕು ಹುಟ್ಟುವ ಜಾಗವೂ ಆಕಾರವೂ ಬದಲಾಗಿ ಎಲ್ಲೆಂದರಲ್ಲಿ ಚೆಲ್ಲಾಡುತ್ತದೆ. ಓಡಿಸುವವನಿಗೆ ‘ಆಹಾ, ಏನು ಬೆಳಕು’ ಎನಿಸುತ್ತದೆ. ಎದುರಿನವನಿಗೆ ಕತ್ತಲೆ ಕವಿಯುತ್ತದೆ. ಕಣ್ಣು ಕುಕ್ಕುವ ಇಂಥ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ರಾಜ್ಯದಾದ್ಯಂತ ಕಾರ್ಯಾಚರಣೆಯನ್ನೇ ಕೈಗೊಂಡರು.

ಕುಕ್ಕಿದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ವಯಸ್ಸಾದಂತೆ ಅದು ಇನ್ನೂ ಹೆಚ್ಚುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ 50 ಮೀಟರ್ ಸಾಗುತ್ತೇವೆ. ಎದುರಿನವನು 50 ಮೀಟರ್ ಕುರುಡಾಗಿ ಬರುವುದು ನಮ್ಮ ಕಡೆಗೇ ಎಂಬುದನ್ನು ನೆನೆದರೆ ಡಿಪ್ ಮಾಡುವುದು ಬರೀ ಸೌಜನ್ಯವಲ್ಲ, ಸ್ವಾರ್ಥ ಕೂಡ. ಅವನು ಡಿಪ್ ಮಾಡದಿದ್ದರೆ ಹಟಕ್ಕೆ ನಾವೂ ಹೈಬೀಮ್ ಹಾಕಬಾರದು. ವೇಗ ತಗ್ಗಿಸಿ ರಸ್ತೆಯ ಎಡ ಅಂಚನ್ನು ನೋಡುತ್ತ ಸಾಗಬೇಕು.

ದೀಪದ ಓರೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ ಡಿಪ್ ಹಾಕಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 5 ಸೆಂ.ಮೀ. ಕೆಳಗಿರಬೇಕು. ಎಡಬದಿಯಲ್ಲಿ ಅದು ಸ್ವಲ್ಪ ಮೇಲೇರಿದ್ದರೆ ಸರಿಯೇ, ರಸ್ತೆಯ ಪಕ್ಕ ತೋರಿಸಲು ಹಾಗೆ ಮಾಡಿರುತ್ತಾರೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಡಿಕ್ಕಿ ತುಂಬ ಸಾಮಾನು ಹೇರಿ ಧರ್ಮಸ್ಥಳಕ್ಕೆ ಹೊರಟರೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಡಿಪ್ ಬೆಳಕೂ ಎದುರಿನವರ ಕಣ್ಣಿಗೇ ಹೋಗುತ್ತದೆ. ಅದಕ್ಕಾಗಿಯೇ ಅನೇಕ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0, 1, 2, 3 ಎಂದು ಬರೆದ ಗುಂಡಿಯಿರುತ್ತದೆ. ಭಾರ ಹೆಚ್ಚಿದಂತೆ ಅಂಕಿ ಹೆಚ್ಚಿಸಬೇಕು.

ಬಲ್ಬು ಬದಲಾಯಿಸುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ. ಇಂಡಿಕೇಟರ್ ಎಂದಿಗಿಂತ ಬೇಗ ಬೇಗ ಮಿನುಗಿದರೆ ಆ ಬದಿಯ ಒಂದು ಬಲ್ಬು ಹೋಗಿದೆಯೇ ನೋಡಿ. ಫ್ಯೂಸ್ ಹೋದರೆ ಅದೇ ಆಂಪಿಯರಿನದನ್ನೇ ಹಾಕಬೇಕು, ತಂತಿ ಸುತ್ತಿದರೆ ವೈರಿಂಗೇ ಸುಟ್ಟೀತು. ದೀಪ ಆರಿಸಲು ಮರೆತರೆ ಎರಡು 55 ವಾಟ್ ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. 35 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ಗಂಟೆಯೊಳಗೆ ಬರಿದು.

ಕಬಿನಿ, ಕಾವೇರಿ ದಂಡೆಯ ಚಳಿಗಾಲದ ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ಬಡಿದು ನಮಗೇ ವಾಪಸಾಗುತ್ತದೆ. ಅಲ್ಲಿ ಡಿಪ್ ದೀಪವೇ ಲೇಸು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವುದೂ ತಪ್ಪು. ಹಾಗೆ ಮಾಡಿದರೆ ನಾವು ನಿಂತಿದ್ದೇವೋ ಚಲಿಸುತ್ತಿದ್ದೇವೋ ಹಿಂದಿನವರಿಗೆ ತಿಳಿಯುವುದಿಲ್ಲ. ನಾಗರಹೊಳೆ ಕಾಡಿನೊಳಗಿನ ಕೆಲವು ರಸ್ತೆಗಳಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ನಿಷಿದ್ಧ. ಕಾಡಿನ ಹೊರಗೂ ಜಿಂಕೆ ಎದುರಾದರೆ ಡಿಪ್ ಮಾಡಿ ನಿಲ್ಲಿಸಿ. ಪ್ರಖರ ಬೆಳಕಿಗೆ ಅದು ದಿಕ್ಕು ತೋಚದೆ ನಿಂತುಬಿಡುತ್ತದೆ.

ಒಂದು ಸಣ್ಣ ಲೆಕ್ಕ

ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದ್ದು, ನೂರಕ್ಕೆ ಒಂದರಂತೆ ಕೆಳಗೆ ಬಾಗಿದ್ದರೆ ಡಿಪ್ ಬೆಳಕು ನೆಲ ಮುಟ್ಟುವುದು 65 ಮೀಟರ್ ದೂರದಲ್ಲಿ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಕಂಡದ್ದನ್ನು ಅರಿತು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಎಂದಿಟ್ಟುಕೊಂಡರೆ 33 ಮೀಟರ್. ಒಣ ರಸ್ತೆಯಲ್ಲಿ ಕಾರು ನಿಲ್ಲಲು ಇನ್ನು ಸುಮಾರು 41 ಮೀಟರ್. ಒಟ್ಟು 74. ಅಂದರೆ 9 ಮೀಟರ್ ಸಾಲದು. ಅದೇ 60ರ ವೇಗದಲ್ಲಾದರೆ 48 ಮೀಟರಿನೊಳಗೆ ನಿಲ್ಲಬಹುದು. ದೀಪದ ಗಾಜಿಗೆ ಧೂಳು ಹತ್ತಿದ್ದರೆ ಕಾಣುವ ದೂರ ಇನ್ನೂ ಕಡಿಮೆ.

ಆ ಕೊರತೆಯ 9 ಮೀಟರಿನಲ್ಲಿ ಏನಿರುತ್ತದೆ? ನಮ್ಮ ಕಡೆ ಬಹಳ ಸಲ ಹಿಂದೀಪವಿಲ್ಲದ ಟ್ರೇಲರ್. ಈಗ ಅನೇಕ ಮನೆಗಳಲ್ಲಿ ಕಾರೂ ಉಂಟು, ಟ್ರ್ಯಾಕ್ಟರೂ ಉಂಟು. ಕಾರಿಗೆಂದು ವೈಪರ್ ರಬ್ಬರು ಕೊಳ್ಳಲು ಅಂಗಡಿಗೆ ಹೋದಾಗ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನೂ ಒಂದಿಷ್ಟು ತಂದು ಟ್ರೇಲರಿನ ಹಿಂಬದಿಗೂ ಎತ್ತಿನ ಗಾಡಿಯ ಹಿಂಬದಿಗೂ ಅಂಟಿಸಿ. ಪಟ್ಟಿಗೆ ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ. ಮೆತ್ತಿದ ಕೆಸರನ್ನು ಆಗಾಗ ಒರೆಸುತ್ತಿದ್ದರೆ ಆಯಿತು.