ನ್ಯಾಯಾಲಯದಿಂದ ಮಗ್ಗದ ಮನೆಗೆ

ಚೆನ್ನೈಯ ಹೈಕೋರ್ಟಿನ ಕೆಂಪು ಗೋಪುರಗಳ ನೆರಳಿನಲ್ಲಿ ನಡೆಯುವಾಗಲೆಲ್ಲ, ಅಕ್ಷರವಾಗಲಿ ಕಾಸಾಗಲಿ ಇಲ್ಲದೆ ಆ ಬಾಗಿಲವರೆಗೂ ಬರಲಾರದವನಿಗೆ ಒಳಗಿನ ನ್ಯಾಯದಿಂದ ಬಂದ ಫಲವೇನೆಂಬ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟ ವಕೀಲರೊಬ್ಬರು ನೆನಪಾಗುತ್ತಾರೆ: ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದ ಕುದ್ಮುಲ್ ರಂಗರಾಯರು.

1859ರಲ್ಲಿ ಕಾಸರಗೋಡಿನ ಸಾರಸ್ವತ ಮನೆತನದಲ್ಲಿ ಜನಿಸಿ, ಜೀವನೋಪಾಯವನ್ನರಸಿ ಮಂಗಳೂರಿಗೆ ಬಂದು, ಅಲ್ಪ ವೇತನದ ಉಪಾಧ್ಯಾಯರಾಗಿ, ಬಳಿಕ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಬಡವರ ವಕೀಲರೆಂದು ಹೆಸರಾದ ರಂಗರಾಯರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿ, ಅಸ್ಪೃಶ್ಯರೆಂದು ದೂರವಿಟ್ಟ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದರು. ಸ್ವಜಾತಿಯವರು ಬಹಿಷ್ಕರಿಸಿದರು, ಮೇಲ್ಜಾತಿಯ ಉಪಾಧ್ಯಾಯರು ಬರಲೊಲ್ಲದಿದ್ದಾಗ ಕ್ರೈಸ್ತ ಉಪಾಧ್ಯಾಯರು ಬಂದು ಪಾಠ ಹೇಳಿದರು.

ಅಕ್ಷರವೊಂದೇ ಸಾಲದೆಂಬುದನ್ನು ಅವರು ಬೇಗನೆ ಕಂಡುಕೊಂಡದ್ದೇ ಈ ಸಂಸ್ಥೆಯ ಹಿರಿಮೆಯೆಂದು ನನ್ನ ಭಾವನೆ. ಓದು ಕಲಿತ ಹುಡುಗನಿಗೆ ಕೈಗೊಂದು ಕಸುಬಿಲ್ಲದಿದ್ದರೆ, ಹೊಟ್ಟೆಪಾಡಿಗಾಗಿ ಅವನು ಮರಳಿ ಅದೇ ಧಣಿಯ ಗದ್ದೆಗೆ ಇಳಿಯಲೇಬೇಕಲ್ಲವೆ? ಆದ್ದರಿಂದ ಶಾಲೆಯೊಡನೆ ನೇಯ್ಗೆ, ಮರಗೆಲಸಗಳ ಶಿಕ್ಷಣವೂ ಬಂದಿತು. ಮಗ್ಗದ ಮುಂದೆ ಕುಳಿತ ಮಗುವಿನ ಕೈಯಿಂದ ಲಾಳಿ ಹಾಸಿನ ನಡುವೆ ಹರಿದು ಆಚೆ ಸೇರುತ್ತದೆ. ಹಣಿಗೆ ಒಮ್ಮೆ ಬಡಿದು ಹೊಕ್ಕನ್ನು ಕೂರಿಸುತ್ತದೆ. ಎಳೆ ಕಡಿದರೆ ಕೆಲಸ ನಿಲ್ಲಿಸಿ, ಬೆರಳ ತುದಿಗೂ ತಾಗದಷ್ಟು ಸಣ್ಣ ಗಂಟು ಹಾಕಬೇಕು. ಮುಟ್ಟಬಾರದೆಂದ ಕೈಗಳು ನೆಯ್ದ ಬಟ್ಟೆಯನ್ನು ಮುಟ್ಟದೆ ಉಡಬಲ್ಲವರಾರು?

ಮದರಾಸಿಗೂ ಈ ಮನೆತನಕ್ಕೂ ಹತ್ತಿರದ ನಂಟುಂಟು. ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಮಗಳು ರಾಧಾಬಾಯಿಯವರು ಜಾತಿಯ ಎಲ್ಲೆಯನ್ನು ದಾಟಿ ವರಿಸಿದ ಪಿ. ಸುಬ್ಬರಾಯನ್ನರು 1926ರಿಂದ 1930ರವರೆಗೆ ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು. ಆಕೆಯೂ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು.

ತಂದೆಯ ಹಂಬಲ ಬೇರೆಯಾಗಿದ್ದಿತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಸರಕಾರಿ ಹುದ್ದೆಗೇರಿ, ಊರ ರಸ್ತೆಯಲ್ಲಿ ಕಾರಿನಲ್ಲಿ ಸಾಗುವಾಗ ಎದ್ದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಬಗೆದಿದ್ದರು. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದ ರಂಗರಾಯರು 1928ರ ಜನವರಿ 30ರಂದು ದೇಹವನ್ನು ತ್ಯಜಿಸಿದರು. ತಮ್ಮ ಶವವನ್ನು ತೋಟಿಗಳೇ ಹೊರಬೇಕೆಂದು ಮೊದಲೇ ತಿಳಿಸಿದ್ದರು.