ಮೀನಿಗೆ ಮೀನೇ ವೈದ್ಯ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಲೋಕರೂಢಿ. ಮತ್ಸ್ಯನ್ಯಾಯವೆಂಬ ಮಾತು ಹುಟ್ಟಿದ್ದೇ ಅದರಿಂದ. ಆದರೆ ಆ ನ್ಯಾಯ ನಡೆಯದ ತಾವುಗಳೂ ಸಮುದ್ರದೊಳಗೆ ಉಂಟು.

ಆಸ್ಟ್ರೇಲಿಯದ ಈಶಾನ್ಯ ಕರಾವಳಿಗೆ ಹೊಂದಿ ಸುಮಾರು 2,300 ಕಿಲೋಮೀಟರು ಉದ್ದಕ್ಕೆ ಹವಳದ ದಿಬ್ಬಗಳು ಹಬ್ಬಿವೆ. ಅಲ್ಲಿ ಸುಮಾರು 10 ಸೆಂಟಿಮೀಟರು ಉದ್ದದ, ತಲೆಯಿಂದ ಬಾಲದವರೆಗೆ ಕಪ್ಪು ಪಟ್ಟೆಯುಳ್ಳ ಒಂದು ನೀಲಿ ಮೀನಿದೆ. ಇತರ ಮೀನುಗಳ ಮೈ ಶುಚಿಮಾಡುವುದೇ ಇದರ ಕಸುಬು. ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿಯೂ ಇದು ವಾಸಿಸುತ್ತದೆ.

ಮೀನುಗಳ ಮೈಗೂ ಕಿವಿರಿಗೂ ರಕ್ತ ಹೀರುವ ಕ್ರಿಮಿಗಳು ಅಂಟಿಕೊಳ್ಳುತ್ತವೆ. ಕಿತ್ತೆಸೆಯೋಣವೆಂದರೆ ಮೀನಿಗೆ ಕೈಯಿಲ್ಲ. ಆದುದರಿಂದ ಅವು ಈ ಪುಟ್ಟ ಮೀನಿರುವ ಗೊತ್ತಾದ ಸ್ಥಳಕ್ಕೆ ಬಂದು, ಈಜುರೆಕ್ಕೆಗಳನ್ನು ಬಿಚ್ಚಿ ಅಲುಗದೆ ನಿಲ್ಲುತ್ತವೆ. ಕರಾವಳಿಯವರು ಮುರು ಎನ್ನುವ ಜಾತಿಯ ದೊಡ್ಡ ಮೀನು ಬಾಯಿ ತೆರೆದರೆ, ಇದು ಒಳಹೊಕ್ಕು ಕೆಲಸ ಮುಗಿಸಿ ಸುಖವಾಗಿ ಹೊರಬರುತ್ತದೆ!

ಲಿಜರ್ಡ್ ದ್ವೀಪದ ಬಳಿ ಅಲೆಕ್ಸಾಂಡ್ರಾ ಗ್ರಟರ್ ಎಂಬ ವಿಜ್ಞಾನಿ ಇದನ್ನು ಲೆಕ್ಕ ಹಾಕಿ 1996ರಲ್ಲಿ ಪ್ರಕಟಿಸಿದರು. ಒಂದು ಪುಟ್ಟ ಮೀನು ದಿನವೊಂದಕ್ಕೆ 2,000ಕ್ಕೂ ಹೆಚ್ಚು ಸಲ ಗಿರಾಕಿಗಳ ಮೈ ಪರೀಕ್ಷಿಸಿ, ಸುಮಾರು 1,200 ಕ್ರಿಮಿಗಳನ್ನು ತಿನ್ನುತ್ತದೆಯಂತೆ. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ನಮಗೂ ಈ ದುಡಿಮೆ ಕಂಡು ಬೆರಗಾಯಿತು.

ಆದರೆ ಇಲ್ಲಿಯೂ ಮೋಸಕ್ಕೆ ಎಡೆಯುಂಟು. ಈ ಮೀನಿಗೆ ಕ್ರಿಮಿಗಿಂತ ಗಿರಾಕಿಯ ಮೈಮೇಲಿನ ಲೋಳೆಯೇ ಹೆಚ್ಚು ರುಚಿ. ಆಸೆಗೆ ಬಿದ್ದು ಲೋಳೆಯನ್ನು ಕಚ್ಚಿದರೆ ಗಿರಾಕಿ ಬೆಚ್ಚಿ ಹೊರಟುಹೋಗುತ್ತದೆ, ಇಲ್ಲವೆ ಅಟ್ಟಿಸಿಕೊಂಡು ಬರುತ್ತದೆ. ಗ್ರಟರ್ ಅವರೂ ಬ್ಶಾರಿ ಎಂಬವರೂ 2006ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಹೊಸ ಗಿರಾಕಿಗಳು ದೂರದಿಂದ ಕೆಲಸವನ್ನು ಗಮನಿಸಿ, ನೆಟ್ಟಗೆ ದುಡಿಯುವ ಮೀನಿನ ಬಳಿಗೇ ಹೋಗುತ್ತವೆ. ಬೇರೆಯವರು ನೋಡುತ್ತಿರುವಾಗ ಈ ಮೀನೂ ಹೆಚ್ಚು ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತದೆ. ಮೇಸ್ತ್ರಿ ಎದುರಿಗಿರುವಾಗಿನ ಕೆಲಸವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಸಣ್ಣ ಮೀನು ಇಲ್ಲದಿದ್ದರೆ ಏನಾದೀತು? ಲಿಜರ್ಡ್ ದ್ವೀಪದ ಕೆಲವು ಸಣ್ಣ ದಿಬ್ಬಗಳಿಂದ ಇವನ್ನು ಎಂಟೂವರೆ ವರ್ಷಕಾಲ ತೆಗೆದುಹಾಕಿ ನೋಡಿದರು. ಇವು ಉಳಿದಿದ್ದ ದಿಬ್ಬಗಳಿಗೆ ಹೋಲಿಸಿದರೆ, ಅಲ್ಲಿ ನೆಲೆಸಿದ ಮೀನುಗಳ ಸಂಖ್ಯೆ ನೂರಕ್ಕೆ 37ರಷ್ಟೂ ಜಾತಿಗಳು ನೂರಕ್ಕೆ 23ರಷ್ಟೂ ಕಡಿಮೆಯಿದ್ದುವೆಂದು 2011ರಲ್ಲಿ ವರದಿಯಾಯಿತು.

ಮೈ ಶುಚಿಮಾಡುವ ಕೆಲಸವನ್ನು ಕೀಳೆಂದು ಎಣಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಕೆಲಸ ನಿಂತರೆ ಊರಿಗೆ ಊರೇ ಬಡವಾಗುತ್ತದೆಂಬುದನ್ನು ಈ ದಿಬ್ಬಗಳಿಂದ ತಿಳಿಯಬಹುದು.