ಅಕ್ಕಿ ಆದ ಮೇಲೆ ರಾಗಿ

ಹಿಟ್ಟಿನ ಮಿಲ್ಲಿನಲ್ಲಿ ಮೊದಲು ಬಂದವರಿಗೆ ಮೊದಲು ಆಗುತ್ತದೆ ಎಂದು ನಂಬಿ ಕೂತರೆ ಕೂತೇ ಇರಬೇಕಾಗುತ್ತದೆ. ಹನುಮಂತನಗರವೋ, ಶ್ರೀರಾಮಪುರವೋ, ವಿಜಯನಗರವೋ, ಬೆಂಗಳೂರಿನ ಹಳೆಯ ಬಡಾವಣೆಗಳ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಮಿಲ್ಲಿನ ಶಟರ್ ಏಳುವ ಹೊತ್ತಿಗೆ ಕಟ್ಟೆಯ ಮೇಲೆ ಸ್ಟೀಲ್ ಡಬ್ಬ, ಎಣ್ಣೆ ಟಿನ್ನು, ಜವಳಿ ಅಂಗಡಿಯ ಹೆಸರು ಅಚ್ಚಾದ ಬಟ್ಟೆ ಚೀಲ ಎಲ್ಲ ಸಾಲಾಗಿ ಕಾಯುತ್ತಿರುತ್ತವೆ. ಕೆಲವುಗಳ ಒಳಗೆ ಒಂದು ಚೀಟಿ: ‘ರಾಗಿ, ನುಣ್ಣಗೆ’, ‘ಅಕ್ಕಿ, ರೊಟ್ಟಿಗೆ’, ‘ಚಕ್ಕುಲಿ’. ಮಿಲ್ಲಿನವರು ಬಂದವರೇ ಮುಚ್ಚಳ ತೆಗೆದು ಒಂದೊಂದನ್ನೂ ನೋಡುತ್ತಾರೆ. ಆಮೇಲೆ ಸಾಲನ್ನು ತಮಗೆ ಬೇಕಾದಂತೆ ಬದಲಾಯಿಸುತ್ತಾರೆ. ಎಂಟು ಗಂಟೆಗೇ ಬಂದು ರಾಗಿ ಇಟ್ಟುಹೋದವರ ಡಬ್ಬ ಹಿಂದಕ್ಕೆ ಸರಿಯುತ್ತದೆ, ಆಗಷ್ಟೇ ಬಂದ ಅಕ್ಕಿ ಮುಂದಕ್ಕೆ.

ಇದರಲ್ಲಿ ಪಕ್ಷಪಾತವೇನೂ ಇಲ್ಲ. ಎಷ್ಟೇ ಬಡಿದು ಉದುರಿಸಿದರೂ ಕಲ್ಲಿನ ಸಂದಿಯಲ್ಲಿ, ಕೊಳವೆಯ ಮೂಲೆಯಲ್ಲಿ ಹಿಂದಿನ ಧಾನ್ಯದ ಹಿಟ್ಟು ಒಂದಿಷ್ಟು ಉಳಿದೇ ಉಳಿಯುತ್ತದೆ. ಅಕ್ಕಿಯ ಹಿಂದೆ ರಾಗಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ರಾಗಿಯ ಹಿಂದೆ ಅಕ್ಕಿ ಬಂದರೆ ಕಡುಬು ಬೂದಿ ಬಣ್ಣಕ್ಕೆ ತಿರುಗುತ್ತದೆ, ಆ ಮನೆಯವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಬೆಳಿಗ್ಗೆ ಅಕ್ಕಿ, ಅದರ ಬೆನ್ನಿಗೆ ಉದ್ದು ಬೆರೆತ ಚಕ್ಕುಲಿಯದು, ಆಮೇಲೆ ಗೋಧಿ, ಜೋಳ, ಕೊನೆಗೆ ರಾಗಿ. ಕಡಲೆಬೇಳೆಯನ್ನು ಎಲ್ಲಿ ತೂರಿಸುವುದು ಎಂಬುದು ಆಯಾ ದಿನದ ತಲೆನೋವು. ಯಾವುದರ ಹಿಂದೆ ಯಾವುದು ಎನ್ನುವ ಈ ಲೆಕ್ಕವೇ ಮಿಲ್ಲಿನವರ ಅರ್ಧ ವಿದ್ಯೆ.

ಉಳಿದರ್ಧ ಬೆರಳಿನಲ್ಲಿದೆ. ಯಂತ್ರ ನೋಡಲು ಸರಳ. ಮೇಲೆ ಧಾನ್ಯ ಸುರಿಯುವ ಅಗಲ ಬಾಯಿಯ ತಗಡಿನ ಡಬ್ಬಿ, ಒಳಗೆ ಎರಡು ದುಂಡು ಕಲ್ಲು. ಒಂದು ಕದಲುವುದಿಲ್ಲ, ಇನ್ನೊಂದು ತಿರುಗುತ್ತದೆ. ಪಕ್ಕದಲ್ಲಿ ಏಳೂವರೆ ಅಥವಾ ಹತ್ತು ಎಚ್‌ಪಿಯ ಮೋಟಾರು, ಅದನ್ನು ತಿರುಗುವ ಕಲ್ಲಿಗೆ ಜೋಡಿಸುವ ಬೆಲ್ಟು. ಕಾಳು ಕಲ್ಲಿನ ನಡುವಿನ ಕಣ್ಣಿಗೆ ಬಿದ್ದು, ಗೆರೆಗಳ ಜಾಡು ಹಿಡಿದು ಅಂಚಿನ ಕಡೆಗೆ ಸರಿಯುತ್ತಾ ಸರಿಯುತ್ತಾ ನುರಿಯುತ್ತದೆ. ಹೊರಬರುವ ಬಾಯಿಗೆ ಉದ್ದನೆಯ ಬಟ್ಟೆಯ ಚೀಲ ಕಟ್ಟಿರುತ್ತಾರೆ. ಗಾಳಿ ಬಟ್ಟೆಯಿಂದ ಹೊರಗೆ ಹೋಗುತ್ತದೆ, ಹಿಟ್ಟು ಡಬ್ಬಕ್ಕೆ ಇಳಿಯುತ್ತದೆ. ಕಲ್ಲುಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸಲು ಒಂದು ತಿರುಪು ಚಕ್ರ. ಒಂದು ಕೈ ಆ ಚಕ್ರದ ಮೇಲಿದ್ದರೆ ಇನ್ನೊಂದು ಕೈ ಬೀಳುವ ಹಿಟ್ಟಿನ ಕೆಳಗೆ ಇರುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಚಿಟಿಕೆ ಉಜ್ಜಿ, ಚಕ್ರ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಉಜ್ಜಿ ನೋಡುವುದು. ಮುದ್ದೆಗೆ ಬೇರೆ ಹದ, ಅಕ್ಕಿರೊಟ್ಟಿಗೆ ಬೇರೆ, ಉಪ್ಪಿಟ್ಟಿನ ತರಿಗೆ ಬೇರೆಯೇ. ಗದ್ದಲದಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಗಿರಾಕಿಯೂ ಅಂಗೈ ಚಾಚಿ, ಉಜ್ಜಿ ನೋಡಿ, ತಲೆಯಾಡಿಸಿಯೇ ಒಪ್ಪಿಗೆ ಕೊಡಬೇಕು. ನಡುನಡುವೆ ಮರದ ಕೊಡತಿಯಿಂದ ಕೊಳವೆಗೆ ನಾಲ್ಕು ಏಟು, ಅಂಟಿಕೊಂಡದ್ದು ಉದುರಬೇಕಲ್ಲ.

ಕಲ್ಲು ನುಣುಪಾದರೆ ಕಾಳು ನುರಿಯುವುದಿಲ್ಲ, ಜಾರುತ್ತದೆ. ಉಜ್ಜಾಟ ಹೆಚ್ಚಾಗಿ ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆ. ಆಗ ಅಂಗಡಿ ಮುಚ್ಚಿ, ಕಲ್ಲು ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಕಲ್ಲು ಕುಟ್ಟಬೇಕು. ಗೆರೆಗಳು ಒಂದೇ ಆಳಕ್ಕೆ ಬರಬೇಕು, ಕಲ್ಲು ಎಲ್ಲೂ ಉಬ್ಬಿರಬಾರದು. ಕುಟ್ಟಿದ ಮೇಲೆ ಮೊದಲು ಬೀಸಿದ್ದು ಯಾರ ಮನೆಗೂ ಹೋಗಬಾರದು, ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಒಳ್ಳೆಯ ಮಿಲ್ಲಿನವರು ಅದಕ್ಕೆಂದೇ ಒಂದಿಷ್ಟು ಅಗ್ಗದ ಧಾನ್ಯ ಇಟ್ಟುಕೊಂಡಿರುತ್ತಾರೆ, ಬೀಸಿ ಚೆಲ್ಲುತ್ತಾರೆ. ನಿಮ್ಮ ಬಡಾವಣೆಯ ಮಿಲ್ಲು ಹೇಗಿದೆ ಎಂದು ತಿಳಿಯಬೇಕಾದರೆ ಈ ಒಂದು ಪ್ರಶ್ನೆ ಕೇಳಿದರೆ ಸಾಕು.

ಇಷ್ಟೆಲ್ಲ ಒಂದು ತಂತಿಯಿಂದ ಬಂದದ್ದು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ದೀಪಗಳು ಹೊತ್ತಿದ್ದು 1905ರಲ್ಲಿ. ದೀಪದ ಹಿಂದೆ ಮೋಟಾರು ಬಂತು, ಮೋಟಾರಿನ ಹಿಂದೆ ಮಿಲ್ಲು. ಕರೆಂಟಿಲ್ಲದ ಹಳ್ಳಿಗಳಲ್ಲಿ ಡೀಸೆಲ್ ಎಂಜಿನ್ನಿನ ಹೊಗೆ ಕೊಳವೆಗೆ ಡಬ್ಬಿ ಕಟ್ಟಿ, ಅದರ ಕುಕ್ ಕುಕ್ ಸದ್ದಿನಿಂದಲೇ ಮಿಲ್ಲು ಶುರುವಾಗಿದೆ ಎಂದು ಊರಿಗೆಲ್ಲ ಸಾರುತ್ತಿದ್ದರು. ಅದಕ್ಕೂ ಮೊದಲು ಮನೆಮನೆಯಲ್ಲಿ ಬೀಸುವ ಕಲ್ಲು, ಕೋಳಿ ಕೂಗುವ ಮೊದಲೇ ಏಳುವ ಹೆಂಗಸರು. ಬೀಸುವ ಪದಗಳನ್ನು ಸಂಗ್ರಹಿಸಿ ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಆದರೆ ದೊಡ್ಡ ಸಂಸಾರವೊಂದರ ರಾಗಿಯನ್ನು ದಿನಾ ಬೀಸಿದವರ ರಟ್ಟೆ ನೋವಿನ ಲೆಕ್ಕ ಇಟ್ಟವರು ಯಾರೂ ಇಲ್ಲ. ಮಿಲ್ಲು ಬಂದಾಗ ಮನೆಯ ಕಲ್ಲನ್ನು ಹಿತ್ತಲಿಗೆ ಸಾಗಿಸಿದವರಿಗೆ ಒಂದಿಷ್ಟೂ ಬೇಸರವಾಗಿರಲಾರದು ಎಂದೇ ನನ್ನ ಎಣಿಕೆ.

ದಕ್ಷಿಣ ಕರ್ನಾಟಕದ ಮಿಲ್ಲು ನಿಂತಿರುವುದೇ ರಾಗಿಯ ಮೇಲೆ. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಒಳಗಿನ ತಿರುಳು ಮೃದು. ಅಕ್ಕಿಯಂತೆ ಪಾಲಿಶ್ ಮಾಡಲು ಹೋದರೆ ಸಿಪ್ಪೆಗಿಂತ ಮೊದಲು ಕಾಳೇ ಪುಡಿಯಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ರಾಗಿಯನ್ನು ಹಬೆಯಲ್ಲಿ ಬೇಯಿಸಿ ಒಣಗಿಸಿ, ತಿರುಳು ಗಟ್ಟಿಯಾದ ಮೇಲೆ ಸಿಪ್ಪೆ ತೆಗೆಯುವ ದಾರಿ ಕಂಡುಹಿಡಿದರು. ಅಡ್ಡರಸ್ತೆಯ ಮಿಲ್ಲಿಗೆ ಆ ಗೊಡವೆ ಇಲ್ಲ. ಅಲ್ಲಿ ರಾಗಿ ಸಿಪ್ಪೆ ಸಮೇತ ಬೀಳುತ್ತದೆ, ಸಿಪ್ಪೆ ಸಮೇತ ಹಿಟ್ಟಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶ ಇದೆಯೆಂದು ಡಾಕ್ಟರುಗಳು ಹೇಳುವುದೂ ಹೀಗೆ ಪೂರ್ತಿ ಕಾಳು ತಿಂದವರಿಗೆ ಮಾತ್ರ ದಕ್ಕುವ ಲಾಭ.

ರಾಗಿಯಲ್ಲೇ ಎಷ್ಟು ಬಗೆ! ಪಡಿತರದ ರಾಗಿ ಬಂದರೆ ಕಲ್ಲು, ಮಣ್ಣು ಆರಿಸಿದ್ದೀರಾ ಎಂದು ಕೇಳಿಯೇ ಸುರಿಯುತ್ತಾರೆ. ಹುರಿಹಿಟ್ಟಿನ ರಾಗಿ ನೀರು ಚಿಮುಕಿಸಿ ಇಟ್ಟು, ಕಾದ ಮರಳಿನಲ್ಲಿ ಅರಳಿಸಿದ್ದು. ಮಲ್ಲಿಗೆ ಮೊಗ್ಗಿನ ಹಾಗೆ ಬಿರಿದಿರುತ್ತದೆ, ಯಂತ್ರದಲ್ಲಿ ಕ್ಷಣದಲ್ಲಿ ಕರಗುತ್ತದೆ. ಎಲ್ಲಕ್ಕಿಂತ ಮರ್ಯಾದೆಯದ್ದು ಮಗುವಿನ ರಾಗಿ ಸರಿಗೆಂದು ಬರುವ ಮೊಳಕೆ ರಾಗಿ. ತೊಳೆದು, ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ತಂದಿರುತ್ತಾರೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗುವುದಿಲ್ಲ, ಎಳೆ ಹೊಟ್ಟೆಗೆ ಭಾರವೂ ಆಗುವುದಿಲ್ಲ. ಇಂಥ ಡಬ್ಬ ಬಂದ ದಿನ ಮಿಲ್ಲಿನವರ ಲೆಕ್ಕವೆಲ್ಲ ಬದಲು. “ಪಾಪುಗೇನಮ್ಮಾ? ಹಾಗಾದ್ರೆ ಈಗ ಬೇಡ, ನಾಳೆ ಶಟರ್ ಎತ್ತಿದ ತಕ್ಷಣ ಬನ್ನಿ” ಎನ್ನುತ್ತಾರೆ. ಬೆಳಿಗ್ಗೆ ಕಲ್ಲು ಸ್ವಚ್ಛ ಇರುತ್ತದೆ, ಮೊದಲ ಸರದಿ ಮಗುವಿನದು. ಮನೆಗೆ ಹೋದ ಮೇಲೆ ಅಜ್ಜಿ ಅದನ್ನು ಬಿಳಿ ಪಂಚೆಯಲ್ಲಿ ಸೋಸಿ ವಸ್ತ್ರಗಾಳಿತ ಮಾಡದೆ ಬಿಡುವುದಿಲ್ಲ, ಆ ಮಾತು ಬೇರೆ.

ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರ ಪೇಚು ಇನ್ನೊಂದು ತರಹದ್ದು. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ಹಿಟ್ಟು ಹಳತಾದರೆ ಇರುವಷ್ಟು ಜಿಗಿಯೂ ಹೋಗಿ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಹಾಗಾಗಿ ಅವರು ಊರಿಂದ ಬಸ್ಸಿನಲ್ಲಿ ಜೋಳದ ಚೀಲ ತರಿಸಿ, ವಾರಕ್ಕಾಗುವಷ್ಟನ್ನೇ ಬೀಸಿಸುತ್ತಾರೆ. ಸುಂಕದಕಟ್ಟೆ, ಪೀಣ್ಯದ ಕಡೆಯ ಮಿಲ್ಲುಗಳಲ್ಲಿ ಭಾನುವಾರ ನಿಂತರೆ “ಅಣ್ಣಾರ, ಗೋಧಿ ಆದಮ್ಯಾಲ ನಮ್ಮ ಜ್ವಾಳ ಹಾಕಬ್ಯಾಡ್ರಿ” ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿಯ ಮಿಲ್ಲುಗಳ ಸಾಲಿನಲ್ಲಿ ಜೋಳ ಈಗ ಗೋಧಿಯನ್ನು ದಾಟಿ ಮುಂದೆ ಬಂದಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ನವಣೆ, ಸಾಮೆ, ಹಾರಕಗಳೂ ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ಬರತೊಡಗಿವೆ. ಗೋಧಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದಾರೆ ಎನ್ನುವವರಿಗೆ ಪ್ರಾಮಾಣಿಕ ಮಿಲ್ಲಿನವರು ಗೋಧಿ ಬೀಸುವ ಕಲ್ಲಿನಲ್ಲಿ ನಿಮ್ಮದನ್ನು ಹಾಕುವುದಿಲ್ಲ ಎಂದೇ ಹೇಳಿ ಕಳಿಸುತ್ತಾರೆ.

ಮೆಣಸಿನಕಾಯಿಗೆ ಬೇರೆ ಯಂತ್ರ. ಜಾಗವಿದ್ದರೆ ಬೇರೆ ಕೋಣೆ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ, ಮೊದಲ ಮಳೆ ಬೀಳುವ ಮುನ್ನ, ತಾರಸಿಯ ಮೇಲೆ ಒಣಗಿದ ಕೆಂಪು ರಾಶಿಯೆಲ್ಲ ಇಲ್ಲಿಗೆ ಇಳಿಯುತ್ತದೆ. ಬಣ್ಣಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡರ ಪ್ರಮಾಣ ಆಯಾ ಮನೆಯ ಗುಟ್ಟು. ಸುಕ್ಕುಗಟ್ಟಿದ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಆದರೆ ಅದರ ಬಣ್ಣ ನಂಬಿ ಸಾರಿನ ಪುಡಿ ಮಾಡುತ್ತಿದ್ದವರಿಗೆ ಪ್ರಮಾಣಪತ್ರದ ಅಗತ್ಯವೇನೂ ಇರಲಿಲ್ಲ. ಹುಳಿಪುಡಿಗೆ ತರುವವರು ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು, ಕರಿಬೇವು ಎಲ್ಲವನ್ನೂ ಬೇರೆ ಬೇರೆ ಹುರಿದು ಒಂದೇ ಡಬ್ಬದಲ್ಲಿ ಪದರ ಪದರವಾಗಿ ತಂದಿರುತ್ತಾರೆ. ಮೆಣಸಿನಕಾಯಿ ಗರಿಗರಿ ಆಗಿಲ್ಲದಿದ್ದರೆ ಮಿಲ್ಲಿನವರು ಒಂದು ಕಾಯಿ ಮುರಿದು, ಸದ್ದು ಬರಲಿಲ್ಲವೆಂದು ತೋರಿಸಿ, “ಇನ್ನೊಂದು ಬಿಸಿಲು ಕೊಡಿಸಿ” ಎಂದು ವಾಪಸ್ ಕಳಿಸುತ್ತಾರೆ. ಆ ದಿನಗಳಲ್ಲಿ ಇಡೀ ಅಡ್ಡರಸ್ತೆ ಸೀನುತ್ತದೆ. ಹಳಬರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಪಕ್ಕದ ಸೈಟಿನಲ್ಲಿ ಎದ್ದ ಅಪಾರ್ಟ್‌ಮೆಂಟಿನ ಹೊಸಬರು ದೂರು ಕೊಡುತ್ತಾರೆ. ಘಾಟು, ಗದ್ದಲ, ಗೋಡೆಯ ನಡುಕ ಮೂರೂ ನಿಜವೇ; ದೂರು ಕೊಟ್ಟವರನ್ನು ಬೈಯಲು ನನಗೆ ಮನಸ್ಸಿಲ್ಲ. ದಿನವಿಡೀ ಅದೇ ಪುಡಿ ಉಸಿರಾಡುವ ಮಿಲ್ಲಿನವರ ಮೂಗಿಗೆ ಕಟ್ಟಿದ ಟವಲ್ಲು ಸಾಕೇ ಎಂಬ ಪ್ರಶ್ನೆ ಮಾತ್ರ ಯಾವ ದೂರಿನಲ್ಲೂ ಇರುವುದಿಲ್ಲ.

ಮಿಲ್ಲಿಗೆ ಪೈಪೋಟಿ ಹುಟ್ಟಿದ್ದೂ ಇದೇ ಊರಿನಲ್ಲಿ. 1924ರಲ್ಲಿ ಶುರುವಾದ ಎಂಟಿಆರ್ ಹೋಟೆಲಿನವರು ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ನಡೆಸುವುದು ಕಷ್ಟವಾದಾಗ ಪುಡಿ, ಮಿಕ್ಸುಗಳ ಪೊಟ್ಟಣದತ್ತ ತಿರುಗಿದರು. ಈಗ ಯಾವ ಪುಡಿ, ಯಾವ ಹಿಟ್ಟು ಬೇಕಿದ್ದರೂ ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ. ಲೇಬಲ್ ಇರುವ ಪೊಟ್ಟಣದ ಹಿಟ್ಟಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಿದ್ದಾಗಲೂ ಅದನ್ನು ಬಿಟ್ಟು ಮಿಲ್ಲಿಗೆ ಮರಳಿದವರು ಕಾಣಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ನಿಲ್ಲುವ ಪುಟ್ಟ ಯಂತ್ರಗಳೂ ಬಂದಿವೆ. ಮಿಲ್ಲಿನವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ಬಾಡಿಗೆ ಏರಿದೆ. ಹಳೆಯ ಮಿಲ್ಲು ಮುಚ್ಚಿದ ಜಾಗದಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿ ಬಂದರೆ ಮಾಲೀಕರಿಗೆ ಬಾಡಿಗೆಯೂ ಹೆಚ್ಚು, ಗೋಡೆಗೂ ಕ್ಷೇಮ.

ಆದರೂ ಮಿಲ್ಲು ಉಳಿದ ಕಡೆ ಉಳಿದಿರುವುದು ಹಳೆಯದರ ಮೋಹದಿಂದಲ್ಲ. ಪೊಟ್ಟಣದ ಹಿಟ್ಟಿಗೆ ಒಂದೇ ಹದ. ಚಕ್ಕುಲಿಗೆ ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಹುರಿದ ಉದ್ದು ಎಂಬ ಮನೆಯ ಅಳತೆಯನ್ನು ಯಾವ ಕಂಪನಿಯೂ ಕೇಳುವುದಿಲ್ಲ. ತಂಬಿಟ್ಟಿನ ಅಕ್ಕಿಯನ್ನು ನೆನೆಸಿ, ಬಟ್ಟೆಯ ಮೇಲೆ ಹರಡಿ, ಮುಷ್ಟಿಯಲ್ಲಿ ಹಿಡಿದರೆ ಕೈಗೆ ತಂಪು ತಾಗುವಷ್ಟು ಮಾತ್ರ ಆರಿಸಿ ತಂದರೆ ಬೀಸಿ ಕೊಡುವವರು ಮಿಲ್ಲಿನವರೊಬ್ಬರೇ. ಅದನ್ನೂ ಗೊಣಗಿಕೊಂಡೇ ಕೊಡುತ್ತಾರೆ, ಒದ್ದೆ ಅಕ್ಕಿ ಯಂತ್ರಕ್ಕೆ ಮೆತ್ತುತ್ತದಲ್ಲ.

ಜಗಳವೂ ಉಂಟು. ಐದು ಕಿಲೋ ತಂದವರಿಗೆ ಐದು ಕಿಲೋ ವಾಪಸ್ ಬರುವುದಿಲ್ಲ. ಕಾಳಿನ ತೇವ ಕಲ್ಲಿನ ಬಿಸಿಗೆ ಆರುತ್ತದೆ, ಒಂದಿಷ್ಟು ದೂಳಾಗಿ ಹಾರುತ್ತದೆ, ಒಂದಿಷ್ಟು ಯಂತ್ರದೊಳಗೆ ಉಳಿಯುತ್ತದೆ. “ಕಮ್ಮಿ ಬಂತಲ್ಲಪ್ಪಾ” ಎಂದು ಅಜ್ಜಿಯೊಬ್ಬರು ತಕ್ಕಡಿಯ ಮುಂದೆ ನಿಲ್ಲುವುದು, “ನಿಮ್ಮ ಕಣ್ಣೆದುರಿಗೇ ಹಾಕಿದ್ನಲ್ಲ ಅಜ್ಜಿ” ಎಂದು ಮಿಲ್ಲಿನವರು ಕೊಳವೆಗೆ ಇನ್ನೆರಡು ಏಟು ಹಾಕಿ ಉದುರಿದ್ದನ್ನೂ ಡಬ್ಬಕ್ಕೆ ತುಂಬಿಸುವುದು ನಡೆದೇ ಇರುತ್ತದೆ. ಸಂಜೆ ನೆಲ ಗುಡಿಸಿ ಸಿಕ್ಕ ಹಿಟ್ಟು ಹತ್ತಿರದಲ್ಲಿ ಹಸು ಸಾಕಿದವರ ಪಾಲು. ನಡುವೆ ಕರೆಂಟು ಹೋದರಂತೂ ಎಲ್ಲರ ಸರದಿಯೂ ಕೆಟ್ಟಂತೆಯೇ. ಕಲ್ಲುಗಳ ನಡುವೆ ಕಾಳು ಸಿಕ್ಕಿಕೊಂಡಿರುವಾಗ ಮೋಟಾರು ಮತ್ತೆ ತಿರುಗುವುದಿಲ್ಲ. ಚಕ್ರ ಸಡಿಲಿಸಿ, ಕಲ್ಲು ಬಿಡಿಸಿ, ಆಮೇಲೆ ಸ್ವಿಚ್ ಹಾಕಬೇಕು.

ಮೊದಲ ಸಲ ಹೋಗುವವರು ಕಾಳಿನ ಅಳತೆಗಿಂತ ದೊಡ್ಡ ಡಬ್ಬ ಒಯ್ಯಬೇಕು, ಹಿಟ್ಟಾದ ಮೇಲೆ ಅರಳಿ ಹೆಚ್ಚು ಜಾಗ ಹಿಡಿಯುತ್ತದೆ. ಬಿಸಿ ಹಿಟ್ಟಿಗೆ ಮುಚ್ಚಳ ಬಿಗಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಹುಳು ಬೇಗ ಬೀಳುತ್ತದೆ. ಮನೆಗೆ ತಂದವರೇ ಪೇಪರಿನ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಬೇಕು. ಗೋಧಿಯನ್ನು ಒಂದು ದಿನ ಬಿಸಿಲಿಗೆ ಹಾಕಿ ಒಯ್ದರೆ ಒಳ್ಳೆಯದು. ಗೋಕುಲಾಷ್ಟಮಿಗೆ ಚಕ್ಕುಲಿ ಹಿಟ್ಟು ಬೇಕಿದ್ದರೆ ನಾಲ್ಕು ದಿನ ಮೊದಲೇ ಡಬ್ಬ ಇಟ್ಟುಬನ್ನಿ. ಹಿಂದಿನ ದಿನ ಸಂಜೆ ಹೋದರೆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. “ಕಲ್ಲು ಕಾದು ಕೆಂಡ ಆಗಿದೆ ಮೇಡಂ, ನಾಳೆ ಬನ್ನಿ” ಎಂದು ಹೇಳಿ ಮಿಲ್ಲಿನವರು ಮುಂದಿನ ಡಬ್ಬದ ಮುಚ್ಚಳ ತೆಗೆಯುತ್ತಾರೆ. ನಾಳೆ ಹಬ್ಬ ಎಂದು ಅವರಿಗೂ ಗೊತ್ತು.